ನಾನು ಬರೆದ ಮಳೆಯನ್ನು ಅಳಿಸಿಕೊಡಿ

ನಮ್ಮ ಊರಿನ ಕುಡಿಯುವ ನೀರಿನ ಹೊಣೆ ಹೊತ್ತ ಮಾನ್ಯ ಇಂಜಿನಿಯರ್ ಸಾಹೇಬರೇ,

ಕಳೆದ ಮಾರ್ಚ್ ಹದಿನಾಲ್ಕರಂದು ನಮ್ಮ ಊರಿಗೆ ಮಳೆ ಬರಲಿಲ್ಲ. ಒಂದು ಹನಿಯೂ ಬರಲಿಲ್ಲ. ಆದರೆ ನಿಮ್ಮ ಕಚೇರಿಯ ಕಡತದಲ್ಲಿ ಅಂದು ಒಂದು ಇಂಚು ಹತ್ತು ಸೆಂಟು ಮಳೆ ಸುರಿದಿದೆ. ಆ ಮಳೆಯನ್ನು ನಂಬಿ ನೀವು ಮೇಲಿನ ಕೇರಿಯ ಟ್ಯಾಂಕರ್ ನಿಲ್ಲಿಸಿ ಇವತ್ತಿಗೆ ಮೂವತ್ತೆಂಟು ದಿನ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಕೇಳಿದ್ದೆ. ದೇವರು ಕೊಡದ ಮಳೆಯನ್ನೂ ಕೊಟ್ಟುಬಿಡುವ ಪೂಜಾರಿಯನ್ನು ಈ ವರ್ಷ ಕಂಡೆ.

ಆ ಮಳೆ ಎಲ್ಲಿಂದ ಬಂತೆಂದು ನಾನೇ ಹೇಳುತ್ತೇನೆ, ಏಕೆಂದರೆ ಅದನ್ನು ಬರೆದವನು ನಾನು. ಹಳ್ಳದ ದಂಡೆಯ ಕಾಫಿ ಎಸ್ಟೇಟಿನಲ್ಲಿ ಇಪ್ಪತ್ತಾರು ವರ್ಷದಿಂದ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದೇನೆ. ಬೆಳಿಗ್ಗೆ ಎಂಟಕ್ಕೆ ಮಳೆ ಅಳೆಯುವ ಡಬ್ಬಿ ನೋಡಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಆಲ್ದೂರು ಪೇಟೆಯಲ್ಲಿ ಇಬ್ಬರು ಬೆಳೆಗಾರರು ಎದುರಾದರೆ, ಮನೆಯವರ ಸುದ್ದಿ ಆಮೇಲೆ, ಮೊದಲು ‘ನಿಮ್ಮಲ್ಲಿ ಎಷ್ಟು ಸೆಂಟು?’ ಎಂದೇ ಕೇಳುತ್ತಾರೆ; ನೂರು ಸೆಂಟು ಸೇರಿದರೆ ಒಂದು ಇಂಚು ಮಳೆ. ಮಾರ್ಚಿನಲ್ಲಿ ಒಂದು ಇಂಚು ಹೂಮಳೆ ಬಿದ್ದರೆ ಕಾಫಿ ಹೂವಾಗುತ್ತದೆ. ಬೀಳದಿದ್ದರೆ ಹಳ್ಳಕ್ಕೆ ಮೋಟಾರ್ ಇಟ್ಟು ಸ್ಪ್ರಿಂಕ್ಲರ್ ತಿರುಗಿಸುತ್ತೇವೆ. ಆ ನೀರು ಎಷ್ಟು ಬಿತ್ತೆಂದು ಅದೇ ಡಬ್ಬಿಯಲ್ಲಿ ಅಳೆದು ಅದೇ ಪುಸ್ತಕದಲ್ಲಿ ಬರೆಯುತ್ತೇವೆ. ಗಿಡಕ್ಕೆ ಎರಡೂ ಒಂದೇ ತಾನೇ?

ದಿನವೂ ನಮ್ಮ ಡಬ್ಬಿಯ ಲೆಕ್ಕ ಕೇಳಿ ಬರೆದುಕೊಳ್ಳುವ ನಿಮ್ಮ ಗುಮಾಸ್ತರು ಅಂದೂ ಫೋನ್ ಮಾಡಿ, ‘ರೈಟ್ರೆ, ಇವತ್ತು ಎಷ್ಟು?’ ಎಂದರು. ಪುಸ್ತಕದಲ್ಲಿದ್ದದ್ದನ್ನು ಓದಿದೆ. ‘ಅಬ್ಬ, ಬದುಕಿದ್ವಿ ಮಾರಾಯ್ರೆ!’ ಎಂದು ಫೋನ್ ಇಟ್ಟರು. ಅದು ಸ್ಪ್ರಿಂಕ್ಲರ್ ನೀರೆಂದು ನನ್ನ ಬಾಯಿಗೆ ಬರಲಿಲ್ಲ. ತಪ್ಪು ನನ್ನದು, ಒಪ್ಪಿಕೊಂಡೆ. ಆದರೆ ನಿಮ್ಮ ಕಚೇರಿಗೆ ಕಿಟಕಿ ಇಲ್ಲವೇ ಸ್ವಾಮಿ? ಎದುರಿನ ರಸ್ತೆಯಲ್ಲಿ ಧೂಳು ಏಳುತ್ತಿದ್ದದ್ದು ಯಾರಿಗೂ ಕಾಣಲಿಲ್ಲವೇ? ಇನ್ನೊಂದು ಮಾತು. ಆ ಡಬ್ಬಿಯಲ್ಲಿದ್ದದ್ದು ಊರಿಗೆ ನೀರೆತ್ತುವ ನಿಮ್ಮದೇ ಜಾಕ್‌ವೆಲ್ಲಿಗೆ ಹರಿದು ಬರಬೇಕಿದ್ದ ಹಳ್ಳದ ನೀರು. ಊರಿನ ನೀರನ್ನು ನಾವೇ ಎತ್ತಿಕೊಂಡು, ಅದನ್ನೇ ಮಳೆಯೆಂದು ಊರಿಗೆ ವರದಿ ಕೊಟ್ಟೆವು. ಇದನ್ನು ಪತ್ರಿಕೆಯಲ್ಲಿ ಓದಿ ನಮ್ಮ ಎಸ್ಟೇಟಿನ ಸಾಹುಕಾರರು ಏನೆನ್ನುತ್ತಾರೋ ಗೊತ್ತಿಲ್ಲ. ಅನ್ನಲಿ.

ನಿಮ್ಮ ಬರ ನಿರ್ವಹಣಾ ಯೋಜನೆಯನ್ನು ನೋಟಿಸ್ ಬೋರ್ಡಿನಲ್ಲಿ ಓದಿದ್ದೇನೆ. ಒಂದೇ ಹಾಳೆ. ಹಳ್ಳ ಇಳಿದರೆ ನಲ್ಲಿಗೆ ಮೂರು ದಿನಕ್ಕೊಮ್ಮೆ ನೀರು, ನಲ್ಲಿ ನೀರು ಹತ್ತದ ಮೇಲಿನ ಕೇರಿಗೆ ಟ್ಯಾಂಕರ್, ಒಂದು ಇಂಚು ಮಳೆ ಬಿದ್ದ ದಿನ ಬರ ಮುಕ್ತಾಯ. ಹಳ್ಳದಲ್ಲಿ ಎಷ್ಟು ನೀರಿದೆ, ಯಾರ್ಯಾರು ಮೋಟಾರ್ ಇಟ್ಟಿದ್ದಾರೆ ಎಂಬ ಸೊಲ್ಲೇ ಇಲ್ಲ. ಒಂದು ಇಂಚಿಗೆ ಕಾಫಿ ಅರಳುತ್ತದೆ, ಹಳ್ಳ ಹರಿಯುವುದಿಲ್ಲ. ಈ ಹಾಳೆ ಬರೆದವರು ಮೇಲಿನ ಕೇರಿಯ ಅರವತ್ತು ಮನೆಯವರನ್ನು ಕಾಫಿ ಗಿಡವೆಂದು ತಿಳಿದರೇ?

ತಿದ್ದಿಸಲು ನಿಮ್ಮ ಕಚೇರಿಗೆ ಮೂರು ಸಲ ಬಂದೆ. ನೀವು ಮೂರು ಸಲವೂ ಮೀಟಿಂಗಿನಲ್ಲಿದ್ದಿರಿ. ‘ಅಲ್ಲ ರೈಟ್ರೆ, ಬಂದಿದೆ ಅಂದೋರೂ ನೀವೆ, ಬಂದಿಲ್ಲ ಅನ್ನೋರೂ ನೀವೆ. ರಿಪೋರ್ಟು ಜಿಲ್ಲೆಗೆ ಹೋಗಿ ಆಯ್ತು. ಮುಂದಿನ ವರ್ಷದ ಪ್ಲಾನಿಗೂ ಅದೇ ಅಂಕಿ ಹಿಡಿದಾಗಿದೆ,’ ಎಂದರು ಗುಮಾಸ್ತರು. ಎಂದರೆ ಬರುವ ಬೇಸಿಗೆಯ ಟ್ಯಾಂಕರೂ ಮಾರ್ಚ್ ಹದಿನಾಲ್ಕಕ್ಕೇ ನಿಲ್ಲುತ್ತದೆ.

ಮೇಲಿನ ಕೇರಿಯ ದ್ಯಾವಮ್ಮ ನಮ್ಮ ಎಸ್ಟೇಟಿನಲ್ಲಿ ಮೂವತ್ತು ವರ್ಷ ಹಣ್ಣು ಕೊಯ್ದವರು. ಟ್ಯಾಂಕರ್ ನಿಂತ ಮೇಲೆ ಹಳೆಯ ಕಲ್ಲುಕ್ವಾರಿಯ ಹೊಂಡಕ್ಕೆ ಇಳಿದು ನೀರು ತರುತ್ತಿದ್ದರು. ಹತ್ತನೆಯ ದಿನ ಕೊಡದ ಸಮೇತ ಜಾರಿ ಬಿದ್ದು ಸೊಂಟ ಮುರಿಯಿತು. ಇನ್ನು ನಡೆಯುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ನನ್ನ ಹೆಂಡತಿ ಗಿರಿಜಾಂಬಾ ದಿನಕ್ಕೊಂದು ಕೊಡ ನೀರು ಅವರ ಮನೆಗೆ ಮುಟ್ಟಿಸುತ್ತಾಳೆ. ಕಳೆದ ವಾರ ನಾನೇ ಹೊತ್ತುಕೊಂಡು ಹೋದೆ. ದ್ಯಾವಮ್ಮ ಮಲಗಿದ್ದಲ್ಲಿಂದಲೇ ಕೇಳಿದರು: ‘ಮಳೆ ಬಂತಂತಲ್ಲ ರೈಟ್ರೆ, ನಮ್ಮ ಕೇರಿಗೆ ಮಾತ್ರ ಯಾಕೆ ಬರ್ಲಿಲ್ಲ?’ ಕುಹಕವಿರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದರು. ಕೊಡ ಇಳಿಸಿ ಬಂದುಬಿಟ್ಟೆ. ಅವರಿಗೆ ಓದು ಬಾರದು. ಪತ್ರಿಕೆಯಲ್ಲಿ ಬರೆಯುವ ಧೈರ್ಯ ನನಗೆ ಬಂದದ್ದೂ ಅದರಿಂದಲೇ.

ನನ್ನ ಬೇಡಿಕೆ ಇಷ್ಟೇ. ಆ ಒಂದು ಇಂಚು ಹತ್ತು ಸೆಂಟನ್ನು ಹೊಡೆದುಹಾಕಿ ಸೊನ್ನೆ ಬರೆಯಿರಿ. ನಾಳೆಯೇ ಟ್ಯಾಂಕರ್ ಕಳಿಸಿ. ನೀವು ಮಾಡುತ್ತೀರೆಂಬ ನಂಬಿಕೆ ನನಗಿಲ್ಲ. ಜೂನಿನಲ್ಲಿ ನಿಜವಾದ ಮಳೆ ಹಿಡಿಯುತ್ತದೆ, ‘ಬಂತಲ್ಲ’ ಎಂದು ಕಡತ ಮುಚ್ಚುತ್ತೀರಿ. ದ್ಯಾವಮ್ಮ ಮಲಗಿಯೇ ಇರುತ್ತಾರೆ.

ಇವತ್ತು ಬೆಳಿಗ್ಗೆಯೂ ಡಬ್ಬಿ ಒಣಗಿತ್ತು. ಸೊನ್ನೆ ಎಂದು ತಿಳಿಸಲು ನಾನೇ ನಿಮ್ಮ ಗುಮಾಸ್ತರಿಗೆ ಫೋನ್ ಮಾಡಿದೆ. ‘ಬರ ಮುಗೀತಲ್ಲ ರೈಟ್ರೆ, ಇನ್ನು ದಿನಾ ಹೇಳೋದು ಬೇಡ,’ ಎಂದರು.

ಇಂತಿ,
ಈ ಊರಿಗೆ ಇಲ್ಲದ ಮಳೆ ಸುರಿಸಿದ ಪಾಪಿ,
ಓಂಕಾರಮೂರ್ತಿ, ಎಸ್ಟೇಟ್ ರೈಟರ್
೨೧ ಏಪ್ರಿಲ್ ೨೦೦೩