ಆಲಿವ್ ಹೂ ಬಿಟ್ಟ ಮೇಲೆ

ವಾಲ್ದೆಸಿಯೆರಾ,
ಮೇ ೨೬

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ನಿಮ್ಮ ಬುರ್ಗೋಸ್‌ನಲ್ಲಿ ಈಗಲೂ ಬೆಳಗಿನ ಪ್ರಾರ್ಥನೆಗೆ ಉಣ್ಣೆಯ ಶಾಲು ಬೇಕೆಂದು ಹಿಂದಿನ ಪತ್ರದಲ್ಲಿ ನೀನು ಬರೆದಿದ್ದೆ. ಬೆರಳಿನ ಗಂಟುನೋವು ಇಳಿಯಿತೇ? ಕಸೂತಿಯ ಕೆಲಸವನ್ನು ಸ್ವಲ್ಪ ದಿನ ಬೇರೆಯವರಿಗೆ ಬಿಡು ಎಂದರೆ ನೀನು ಕೇಳುವವಳಲ್ಲ, ಗೊತ್ತು. ನಿಮ್ಮ ಹಿರಿಯ ಮದರ್‌ಗೆ ನಾನು ಫೋನ್ ಮಾಡಿ ಹೇಳಿದ್ದು ನಿನ್ನ ಕಿವಿಗೆ ಎಷ್ಟು ಬಿತ್ತೋ ತಿಳಿಯದು. ಅವರಿಗೆ ಕಿವಿ ಮಂದ, ನನಗೆ ಆವತ್ತು ನಾಲಿಗೆ ಸರಿಯಾಗಿ ಹೊರಳುತ್ತಿರಲಿಲ್ಲ. ಕಸಿಲ್ದಾ ಬದುಕಿದ್ದಾಳೆ. ಅಪ್ಪನೂ ಇದ್ದಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ನೀನು ಗಾಬರಿಯಿಲ್ಲದೆ ಓದುವಂತಾಗಲಿ ಎಂದು.

ಕಸಿಲ್ದಾ ನನ್ನ ಹೆಂಡತಿಯಾಗಿ ಈ ಮನೆಗೆ ಬಂದದ್ದು ನೀನು ಕನ್ಯಾಮಠ ಸೇರಿದ ಮೇಲೆ. ಮಠದ ಭೇಟಿಯ ಕೋಣೆಯ ಜಾಲರಿಯ ಆಚೆಯಿಂದ ನೀನು ಅವಳನ್ನು ನೋಡಿದ್ದೂ ಚಳಿಗಾಲದಲ್ಲೇ, ಅವಳು ಚೆನ್ನಾಗಿರುವ ಕಾಲದಲ್ಲಿ. ನಮ್ಮ ಮೇ ತಿಂಗಳ ಸಂಸಾರ ನಿನಗೆ ಗೊತ್ತಿಲ್ಲ. ಸಮುದ್ರದ ಗಾಳಿ ಕುಡಿದು ಬೆಳೆದವಳು ಅವಳು. ತವರೂರು ಕೋನಿಲ್‌ನಲ್ಲಿ ಒಂದು ದಿನವೂ ಉಬ್ಬಸ ಕಂಡವಳಲ್ಲ. ಇಲ್ಲಿ ಮನೆಯಿಂದ ಹೊರಗೆ ಕಾಲಿಟ್ಟರೆ ಗುಡ್ಡದ ನೆತ್ತಿಯವರೆಗೂ ಆಲಿವ್ ಮರವೇ. ಹೂ ಬಿಟ್ಟಿತೆಂದರೆ ಕಾರಿನ ಗಾಜು, ಅಂಗಳದ ಕಲ್ಲು, ನಾಯಿಯ ಬೆನ್ನು ಎಲ್ಲವೂ ಹಳದಿ. ಮೊದಲು ಅವಳ ಅಂಗುಳು ಕೆರೆಯುತ್ತದೆ, ಕಣ್ಣು ಕೆಂಪಾಗುತ್ತದೆ, ಸಾಲುಸಾಲಾಗಿ ಸೀನು. ಆಮೇಲೆ ಅದು ಮೆಲ್ಲಗೆ ಎದೆಗೆ ಇಳಿಯುತ್ತದೆ. ಆರೋಗ್ಯ ಕೇಂದ್ರದ ಡಾಕ್ಟರ್ ಗ್ರಾಸಿಯಾ ಹೇಳಿದಂತೆ ಹೂವಿಗೆ ಮುಂಚಿನಿಂದಲೇ ಮೂಗಿಗೆ ಔಷಧಿ, ಬೆಳಿಗ್ಗೆ ಸಂಜೆ ತಪ್ಪದೆ ಎದೆಗೆ ಎಳೆದುಕೊಳ್ಳುವ ಔಷಧಿ, ಏಪ್ರನ್ನಿನ ಜೇಬಿನಲ್ಲಿ ಸದಾ ನೀಲಿ ಇನ್‌ಹೇಲರ್. ಬಟ್ಟೆ ಮಾಳಿಗೆಯ ಮೇಲೆ ಒಣಗಿಸುವಂತಿಲ್ಲ. ನಾನು ತೋಟದಿಂದ ಬಂದರೆ ಟ್ರ್ಯಾಕ್ಟರ್ ಕೊಟ್ಟಿಗೆಯಲ್ಲೇ ಬಟ್ಟೆ ಕಳಚಿ, ತಲೆ ತೊಳೆದುಕೊಂಡು ಒಳಗೆ ಹೋಗಬೇಕು. ನಮ್ಮ ಊರಿನವರು ಇದನ್ನು ನೋಡಿ, "ಏನೋ ಬೌದಿಲಿಯೋ, ಹೆಂಡ್ತಿ ಮುಂದೆ ಹೋಗಕ್ಕೂ ಮಡಿ ಸ್ನಾನನಾ?" ಎಂದು ನಗುತ್ತಿದ್ದರು. ಹೂ ಜೋರಾದ ವಾರಗಳಲ್ಲಿ ಮಾತ್ರ ಅವಳು ಕೋನಿಲ್‌ಗೆ, ತನ್ನ ರುಫೀನಾ ಚಿಕ್ಕಮ್ಮನ ಮನೆಗೆ ಹೋಗಿಬಿಡುತ್ತಿದ್ದಳು. ಹಾಗೆ ಪ್ರತಿ ವರ್ಷವೂ ದಾಟಿಕೊಂಡು ಬಂದೆವು.

ಈ ವರ್ಷ ಅವಳು ಹೋಗಲಿಲ್ಲ. ಮಾರ್ಚ್‌ನಲ್ಲಿ ಅಪ್ಪ ಕೊಂಬೆ ಸವರುವಾಗ ಏಣಿಯಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡದ್ದು ನಿನಗೆ ಗೊತ್ತೇ ಇದೆ. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಅವರನ್ನು ಎತ್ತುವುದು, ಒರೆಸುವುದು, ಗೋಡೆ ಹಿಡಿಸಿ ನಾಲ್ಕು ಹೆಜ್ಜೆ ನಡೆಸುವುದು ಎಲ್ಲವೂ ಅವಳದೇ. ನೀನು ಹೊರಡು, ಒಬ್ಬ ಹೆಂಗಸನ್ನು ಗೊತ್ತು ಮಾಡೋಣ ಎಂದೆ. ಬಂದ ಇಬ್ಬರನ್ನೂ ಅಪ್ಪ ಬೈದು ಓಡಿಸಿದರು. ಅಪರಿಚಿತರ ಕೈ ಮೈಗೆ ತಾಗಿದರೆ ಅವರಿಗೆ ಅವಮಾನ. ಕಸಿಲ್ದಾಳ ಕೈಯಾದರೆ ಆದೀತು, ಆದರೆ ಅವಳನ್ನು ಚುಚ್ಚದೆ ಇರಲಾರರು. "ನಮ್ಮಪ್ಪ, ನಮ್ಮಜ್ಜ ಎಲ್ಲಾ ಈ ಹೂವಿನ ಪುಡೀಲೇ ಹುಟ್ಟಿ ಬೆಳೆದ್ರು. ಇವಳೊಬ್ಬಳಿಗೆ ನಮ್ಮೂರ ಗಾಳಿ ಒಗ್ಗಲ್ವಂತೆ!" ಅವಳು ಮುಖಕ್ಕೆ ಮಾಸ್ಕ್ ಹಾಕಿಕೊಂಡೇ ಅವರ ದಿಂಬು ಸರಿಮಾಡುತ್ತಾ, "ನಾನೇನ್ ಮಾಡ್ಲಿ ಮಾವಾ, ನಿಮ್ಮ ಮರಗಳಿಗೆ ನನ್ನ ಮೇಲೆ ಅಷ್ಟು ಪ್ರೀತಿ. ಉಸಿರಾಡಕ್ಕೂ ಬಿಡದಂಗೆ ತಬ್ಕೊಳ್ತವೆ" ಎನ್ನುತ್ತಿದ್ದಳು. ಅಪ್ಪ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದರು. ನಗು ಬಂದರೆ ಹಾಗೆ ತಿರುಗುವುದು ಅವರ ಹಳೆಯ ಅಭ್ಯಾಸವಲ್ಲವೇ.

ಜಗಳವಿದ್ದದ್ದು ಕಿಟಕಿಯದು. ಹಾಸಿಗೆಯಿಂದ ಏಳಲಾಗದವರಿಗೆ ಹೂ ಬಿಟ್ಟ ಇಳಿಜಾರನ್ನಾದರೂ ನೋಡುವ ಆಸೆ. ಗಾಜಿನ ಹಿಂದಿನಿಂದ ನೋಡಿದರೆ ಅದು ನೋಡಿದಂತಲ್ಲ, ವಾಸನೆ ಬರಬೇಕು ಎನ್ನುತ್ತಿದ್ದರು. ಕೊನೆಗೆ ಕಸಿಲ್ದಾಳೇ ಸಂಧಾನ ಮಾಡಿದಳು: ಅವರ ಕೋಣೆಯ ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಒದ್ದೆ ಟವೆಲ್ ತುರುಕಿ, ಕಿಟಕಿಯನ್ನು ತೆರೆದಿಡುವುದು, ಅವಳು ಒಳಗೆ ಹೋಗುವಾಗ ಮಾಸ್ಕ್ ಹಾಕುವುದು. ಡಾಕ್ಟರ್ ಗ್ರಾಸಿಯಾ ಇದನ್ನು ಕೇಳಿ, "ಅಮ್ಮಾ, ನೀನು ಬೆಂಕಿ ಪಕ್ಕ ಹುಲ್ಲು ಒಟ್ಟಿಕೊಂಡು ಮಲಗ್ತಾ ಇದ್ದೀಯ" ಎಂದು ಗದರಿ, ಮಾತ್ರೆಯನ್ನೂ ಸೇರಿಸಿಕೊಟ್ಟರು. ಆದರೂ ಉಸಿರಿನ ಬಲ ಅಳೆಯಲು ಬೆಳಿಗ್ಗೆ ಊದಿ ನೋಡುವ ಕೊಳವೆಯಲ್ಲಿ ಮುಳ್ಳು ದಿನದಿಂದ ದಿನಕ್ಕೆ ಕೆಳಗೇ ನಿಲ್ಲುತ್ತಿತ್ತು. ಕೋನಿಲ್‌ಗೆ ಹೋಗು ಎಂದರೆ, ಮಾವ ಕೋಲು ಹಿಡಿದು ನಡೆಯುವಷ್ಟಾಗಲಿ ಎನ್ನುತ್ತಿದ್ದಳು.

ಆ ಮಂಗಳವಾರ ಮಧ್ಯಾಹ್ನ ನಾನು ಹಳ್ಳದಾಚೆಯ ತೋಟದಲ್ಲಿ ಕಳೆ ಕೊಯ್ಯುತ್ತಿದ್ದೆ. ಬೆಳಗಿನಿಂದ ಒಣ ಸೆಕೆ. ಆಮೇಲೆ ಬೆಟ್ಟದ ಕಡೆಯಿಂದ ಒಮ್ಮೆಗೇ ಗಾಳಿ ಎದ್ದಿತು. ಗುಡುಗು ಬಂತು, ಮಳೆ ನಾಲ್ಕು ಹನಿ. ಮರಗಳಿಂದ ಹಳದಿ ಪುಡಿ ಹೊಗೆಯಂತೆ ಮೇಲೆದ್ದು ಊರಿನ ಕಡೆ ಹೋದದ್ದನ್ನು ಕಣ್ಣಾರೆ ಕಂಡೆ. ಟ್ರ್ಯಾಕ್ಟರನ್ನು ಅಲ್ಲೇ ಬಿಟ್ಟು ಓಡಿದೆ. ಮನೆಯಲ್ಲಿ ಅಪ್ಪನ ಕಿಟಕಿಯ ಬಾಗಿಲುಗಳು ಗಾಳಿಗೆ ಹೊಡೆದುಕೊಂಡು ಗಾಜು ಒಡೆದಿದೆ. ಹಾಸಿಗೆಯ ಮೇಲೆ ಚೂರು ಬೀಳುತ್ತಿವೆ ಎಂದು ಕಸಿಲ್ದಾ ಮಾಸ್ಕ್ ಇಲ್ಲದೆಯೇ ಒಳಗೆ ನುಗ್ಗಿ, ಅಪ್ಪನ ಮೇಲೆ ಕಂಬಳಿ ಎಳೆದು, ಹೊರಗಿನ ಮರದ ಕದಗಳನ್ನು ಎಳೆದು ಮುಚ್ಚಿದ್ದಾಳೆ. ಅಡುಗೆಮನೆಗೆ ವಾಪಸು ಹೋದವಳು ಕುರ್ಚಿಯ ಸಮೇತ ಬಿದ್ದಿದ್ದಾಳೆ. ಅಪ್ಪನಿಗೆ ಕೇಳಿಸಿದ್ದು ಆ ಕುರ್ಚಿಯ ಸದ್ದು. ಕೂಗಿದರೆ ಉತ್ತರವಿಲ್ಲ.

ಅಕ್ಕಾ, ನಮ್ಮಪ್ಪ ಆ ಸೊಂಟದಲ್ಲಿ ಹಾಸಿಗೆಯಿಂದ ನೆಲಕ್ಕೆ ಉರುಳಿಕೊಂಡರು. ಮೊಣಕೈ ಊರಿ, ಗಾಜಿನ ಚೂರುಗಳ ಮೇಲೆ ತೆವಳಿಕೊಂಡು, ಹಜಾರ ದಾಟಿ ಅಡುಗೆಮನೆಯವರೆಗೂ ಹೋದರು. ಪಕ್ಕದ ಮನೆಯ ಲಿಯೋಕಾದಿಯಾ ಅವರ ಕೂಗು ಕೇಳಿ ಬಂದಾಗ ಅಪ್ಪ ಬೀರುವಿಗೆ ಒರಗಿ, ಕಸಿಲ್ದಾಳನ್ನು ತಮ್ಮ ಎದೆಗೆ ಆನಿಸಿ ಕೂರಿಸಿಕೊಂಡಿದ್ದರಂತೆ. ಏಪ್ರನ್ನಿನ ಜೇಬಿನಿಂದ ಇನ್‌ಹೇಲರ್ ತೆಗೆದಿದ್ದರು, ಹೇಗೆ ಒತ್ತಬೇಕೆಂದು ತಿಳಿಯದೆ ಗಾಳಿಗೆ ಹಾರಿಸುತ್ತಿದ್ದರು. ಅವಳ ತುಟಿ ಆಗಲೇ ನೀಲಿ. ಲಿಯೋಕಾದಿಯಾ ಆಂಬುಲೆನ್ಸ್‌ಗೆ ಫೋನ್ ಮಾಡಿದಳು. ನಾನು ಬಾಗಿಲಿಗೆ ಬರುವ ಹೊತ್ತಿಗೆ ಕಸಿಲ್ದಾಳ ಎದೆಯಿಂದ ಸಿಳ್ಳೆಯ ಸದ್ದೂ ನಿಂತಿತ್ತು. ಸದ್ದು ನಿಂತರೆ ಒಳ್ಳೆಯದೆಂದು ತಿಳಿಯದವರು ತಿಳಿದುಕೊಳ್ಳುತ್ತಾರೆ. ಅದೇ ಎಲ್ಲಕ್ಕಿಂತ ಕೆಟ್ಟದ್ದೆಂದು ನನಗೆ ಗೊತ್ತಿತ್ತು.

ಹಾಯೆನ್‌ನ ಆಸ್ಪತ್ರೆಯಲ್ಲಿ ಅವಳ ಗಂಟಲಿಗೆ ಕೊಳವೆ ಹಾಕಿ ಯಂತ್ರದಿಂದ ಉಸಿರಾಡಿಸಿದರು. ಈಗ ಕೊಳವೆ ತೆಗೆದಿದ್ದಾರೆ. ದನಿ ಒಡೆದ ಮಡಕೆಯಂತಾಗಿದೆ, ಕೈ ನಡುಗುತ್ತದೆ, ಚಮಚ ಬಾಯಿಗೆ ತಲುಪುವಷ್ಟರಲ್ಲಿ ಸೂಪು ಅರ್ಧ ಚೆಲ್ಲಿರುತ್ತದೆ. ಕೆಲವು ಮಾತು ನಾಲಿಗೆಯ ತುದಿಯಲ್ಲೇ ನಿಂತುಬಿಡುತ್ತವೆ. ನನ್ನ ಹೆಸರಿಗೂ ಒಮ್ಮೆ ತಡಕಾಡಿದಳು, ಆಮೇಲೆ ನಾಚಿಕೊಂಡಳು. ಇನ್ನೊಂದು ಸಲ ಹೀಗಾದರೆ ಆಂಬುಲೆನ್ಸ್ ಬರುವಷ್ಟು ಹೊತ್ತೂ ಸಿಗುವುದಿಲ್ಲ ಎಂದು ಅಲ್ಲಿಯ ದೊಡ್ಡ ಡಾಕ್ಟರ್ ಹೇಳಿದ್ದಾರೆ. ನಮ್ಮೂರಿನಲ್ಲಿ ಹೂವಿನ ಕಾಲ ಇನ್ನು ಅವಳಿಗಿಲ್ಲ.

ಅಪ್ಪನ ಸೊಂಟದಲ್ಲಿ ಕೂರಿಸಿದ್ದ ಲೋಹ ಜರುಗಿದೆ. ಅವರ ಹೃದಯ ಇನ್ನೊಂದು ಆಪರೇಷನ್ ತಡೆಯದಂತೆ. ಇನ್ನು ಅವರು ಎದ್ದು ನಿಲ್ಲುವುದಿಲ್ಲ. ಅವರಿಗೆ ಹೇಳಿದಾಗ ತಲೆಯಾಡಿಸಿದರು ಅಷ್ಟೇ. ಬೈಯುವುದನ್ನೇ ಬಿಟ್ಟಿದ್ದಾರೆ, ಅದೇ ನನಗೆ ಹೆದರಿಕೆ. ಮೊನ್ನೆ ಗಡ್ಡ ಹೆರೆಯುತ್ತಿದ್ದೆ. ಇದ್ದಕ್ಕಿದ್ದಂತೆ ನನ್ನ ಮಣಿಕಟ್ಟು ಹಿಡಿದು, "ಅವಳು ನನ್ನ ಬೆರಳು ಹಿಡ್ಕೊಂಡು ತೋರಿಸ್ಕೊಟ್ಲು ಕಣೋ, ಹಿಂಗಲ್ಲ ಹಿಂಗೆ ಒತ್ತಿ ಅಂತ. ಉಸಿರಿಲ್ದೋಳು ನನಗೆ ಕಲಿಸ್ಬೇಕಾಯ್ತು. ಇಷ್ಟು ವರ್ಷ ಎದುರಿಗೇ ಇತ್ತಲ್ಲೋ, ಒಂದು ದಿನ ಕೇಳಿದ್ನೇನೋ ನಾನು?" ಎಂದರು. ಸೋಪಿನ ನೊರೆ ಕೆನ್ನೆಯ ಮೇಲೆ ಹಾಗೇ ಒಣಗಿತು.

ಈಗ ಲಿಯೋಕಾದಿಯಾ ಹಗಲು ಬಂದು ನೋಡಿಕೊಳ್ಳುತ್ತಾಳೆ. ಅವಳನ್ನು ಅಪ್ಪ ಸಹಿಸಿಕೊಂಡಿದ್ದಾರೆ. ಆದರೆ ಅವಳಿಗೂ ವಯಸ್ಸಾಯಿತು, ಎತ್ತಲಾರಳು. ನಾನು ಬೆಳಿಗ್ಗೆ ಅಪ್ಪನ ಕೆಲಸ ಮುಗಿಸಿ ಹಾಯೆನ್‌ಗೆ, ಅಲ್ಲಿಂದ ವಾಪಸು ಅಪ್ಪನ ಬಳಿಗೆ. ಆಸ್ಪತ್ರೆಯ ಬಾಗಿಲಲ್ಲಿ ಶರ್ಟ್ ಬದಲಾಯಿಸುತ್ತೇನೆ, ನನ್ನ ಮೈಯಲ್ಲಿ ಅವಳಿಗೆ ಆಗದ್ದು ಇರುತ್ತದಲ್ಲ. ಈ ಸಲ ಹೂ ಬಹಳ ಚೆನ್ನಾಗಿ ಕಾಯಿ ಕಚ್ಚಿದೆ ಎಂದು ಊರೆಲ್ಲ ಸಂತೋಷಪಡುತ್ತಿದೆ. ಯಾರಾದರೂ ಹಾಗೆಂದರೆ ನಾನು ದಾರಿ ಬದಲಿಸುತ್ತೇನೆ.

ನಿನ್ನ ಆರೋಗ್ಯ ನೋಡಿಕೋ. ನಿಮ್ಮ ಮದರ್‌ಗೆ, ಎಲ್ಲ ಸಿಸ್ಟರ್‌ಗಳಿಗೆ ನನ್ನ ವಂದನೆ ಹೇಳು. ಕಸಿಲ್ದಾಳ ಹೆಸರಿನಲ್ಲಿ ನಿಮ್ಮ ಚಾಪೆಲ್‌ನಲ್ಲಿ ಒಂದು ಮೇಣದಬತ್ತಿ ಹಚ್ಚು.

ನಿನ್ನ ಪ್ರೀತಿಯ ತಮ್ಮ,
ಬೌದಿಲಿಯೋ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಬರೆಯಲೇಬೇಕು. ಶುಕ್ರವಾರ ಕಸಿಲ್ದಾಳನ್ನು ಆಸ್ಪತ್ರೆಯಿಂದ ಆಂಬುಲೆನ್ಸ್‌ನಲ್ಲಿ ನೇರ ಕೋನಿಲ್‌ಗೆ ಕಳಿಸುತ್ತಾರೆ. "ನೀನು ಬರಬೇಡ, ಮಾವನ್ನ ಯಾರು ಎತ್ತುತಾರೆ?" ಎಂದಳು. ನಾನು ಹೋಗುತ್ತೇನೆ. ಸ್ವಲ್ಪ ದಿನಕ್ಕಲ್ಲ, ಅವಳ ಜೊತೆ ಇರಲು. ಹೆತ್ತವರಿಗೆ ಯಾರೂ ಇಲ್ಲದಿದ್ದರೆ ಮಠದಿಂದ ಹೊರಗೆ ಬರಲು ಅನುಮತಿ ಕೊಡುತ್ತಾರೆಂದು ನಮ್ಮ ಪಾದ್ರಿ ಹೇಳಿದರು. ನೀನು ಆ ಅನುಮತಿ ಕೇಳುತ್ತೀಯಾ ಅಕ್ಕಾ? ಕೇಳಲಾರೆನೆಂದರೆ ನಾನು ಒಂದು ಮಾತೂ ಆಡುವುದಿಲ್ಲ, ಆದರೆ ಆಗ ಅಪ್ಪ ವೃದ್ಧಾಶ್ರಮಕ್ಕೆ ಹೋಗಬೇಕಾಗುತ್ತದೆ; ಅಲ್ಲಿ ಅವರು ಚಳಿಗಾಲ ಕಾಣುವುದಿಲ್ಲವೆಂದು ನಿನಗೂ ಗೊತ್ತು, ನನಗೂ ಗೊತ್ತು. ನಿನ್ನ ಉತ್ತರ ಏನೇ ಬರಲಿ, ಶುಕ್ರವಾರ ನಾನು ಆ ಆಂಬುಲೆನ್ಸ್ ಹತ್ತುತ್ತೇನೆ. ಅಪ್ಪನಿಗೆ ಇನ್ನೂ ಹೇಳಿಲ್ಲ.