ಸರ್ಕಾರಕ್ಕೆ ಹೇಳಿದ ಸುಖ

ಕೊಟ್ಟೂರು, ೨೧-೨-೧೯೮೩, ಸೋಮವಾರ

ಐದಕ್ಕೆ ಐದು ಎಂದುಬಿಟ್ಟೆ. ಮಧ್ಯಾಹ್ನ ಸರ್ಕಾರದ ಸರ್ವೆಯವರು ಬಂದು, ಜೀವನದಲ್ಲಿ ಎಷ್ಟು ಸುಖವಾಗಿದ್ದೀರಿ, ಐದರಲ್ಲಿ ಅಂಕ ಕೊಡಿ ಎಂದರು. ಹಾಡಿಕೊಂಡೇ ರೊಟ್ಟಿ ಬಡಿಯುವ ಅತ್ತೆ, "ನಂದು ಎರಡು ಬರಕೊಳ್ರಿ" ಎಂದರು. ಹೆರಿಗೆಯಾದ ಮೂರು ತಿಂಗಳಿಂದ ನಿದ್ದೆಯಿಲ್ಲದೆ, ಬಚ್ಚಲಲ್ಲಿ ನಿಂತು ಅಳುವ ನಾನು ಐದು ಎಂದೆ. ಬಿ.ಎ. ಓದಿದವಳು ಅಳುಮುಂಜಿ ಎನಿಸಿಕೊಳ್ಳಬಾರದಲ್ಲ.

ಅವರು ಹೋದಮೇಲೆ ಅತ್ತೆ ಬೈದರು. "ಮನ್ಯಾಗ ಹಸಗೂಸು ಇಟ್ಕೊಂಡು ಸುಖದಾಗ ಅದೀನಿ ಅಂತಾರೇನ ಹುಚ್ಚಿ? ದೃಷ್ಟಿ ಆಗತೈತಿ." ಕೂಸಿಗೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ನಾನು ನಕ್ಕೆ.

ಈಗ ಕೂಸಿನ ಮೈ ಬೆಚ್ಚಗಿದೆ. ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದೇನೆ. ಇಲ್ಲದ ಸುಖಕ್ಕೂ ದೃಷ್ಟಿ ತಾಗುತ್ತದೆಯೇ? ಅತ್ತೆಯನ್ನು ಎಬ್ಬಿಸಿ, ನಾನು ಹೇಳಿದ್ದು ಸುಳ್ಳು ಎಂದುಬಿಟ್ಟರೆ ದೃಷ್ಟಿ ಇಳಿದೀತೇ?