ಪೌಂಡಿನ ನಾಯಿಗೆ ಕಿಲೋ ಔಷಧಿ

ಡಾಕ್ಟರ್ ಥೋರ್ವಾಲ್ಡ್‌ಸನ್ ಅವರಿಗೆ,

ನೀವು ಹಸುವಿನ ಹೆರಿಗೆಗೆ ಹೋಗಿರುವ ಹಟ್ಟಿಯಲ್ಲಿ ಫೋನ್ ಸಿಗುತ್ತಿಲ್ಲ. ಅದಕ್ಕೇ ನೆರೆಯವರ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ.

ನಮ್ಮ ಮುದಿ ನಾಯಿ ಮೂಸ್‌ಗೆ ಕೀಲುನೋವಿನ ಔಷಧಿ ಬೇಕಾದ್ದರ ಎರಡರಷ್ಟಕ್ಕಿಂತ ಹೆಚ್ಚು ಹೋಗಿದೆ. ಅಜ್ಜ ಅವನ ತೂಕವನ್ನು ಪೌಂಡಿನಲ್ಲಿ ಹೇಳಿದರು. ನಿಮ್ಮ ಸಹಾಯಕಿ ಡಾನಾ ಅದನ್ನೇ ಕಿಲೋ ಎಂದುಕೊಂಡು, ತಕ್ಕಡಿಗೂ ಹತ್ತಿಸದೆ, ಔಷಧಿ ಕುಡಿಸುವ ಸಿರಿಂಜಿನ ಮೇಲೆ ಅಳತೆ ಗುರುತು ಹಾಕಿಕೊಟ್ಟರು. ಮೂಸ್ ಈಗ ರಕ್ತ ವಾಂತಿ ಮಾಡುತ್ತಿದ್ದಾನೆ. ಕೇಳಿದರೆ ಡಾನಾ, "ವಯಸ್ಸಾದ ನಾಯಿ ಅಲ್ವಾ ಪುಟ್ಟಿ, ಹೀಗೆಲ್ಲ ಆಗುತ್ತೆ" ಅಂದರು.

ನಾನು ಪುಟ್ಟಿಯಲ್ಲ. ಪ್ರಾಣಿಗಳ ಹಕ್ಕಿನ ಬಗ್ಗೆ ಸಿಕ್ಕ ಕರಪತ್ರಗಳನ್ನೆಲ್ಲ ಓದಿದ್ದೇನೆ. ನಿಮ್ಮ ಆಸ್ಪತ್ರೆಯ ಮೇಲೂ ಒಂದನ್ನು ಬರೆದು, ಒಂದು ಕಟ್ಟು ಅಚ್ಚು ಹಾಕಿ, ಊರ ಗೋಡೆಗಳಿಗೆ ಅಂಟಿಸಲು ಹೊರಟಿದ್ದೆ. ಅಜ್ಜ ಬಾಗಿಲಿಗೆ ಅಡ್ಡ ನಿಂತರು.

"ಮೊದಲು ನಾಯಿ ಉಳೀಲಿ ಕಣೇ. ಆಮೇಲೆ ಲೋಕ ಉದ್ಧಾರ ಮಾಡುವಿಯಂತೆ!"

ದಯವಿಟ್ಟು ಡ್ರಿಪ್ ಹಾಕುವ ಸಾಮಾನು ತೆಗೆದುಕೊಂಡು ನೇರ ಇಲ್ಲಿಗೇ ಬನ್ನಿ. ಅವನ ಮೂತ್ರಪಿಂಡ ಉಳಿಯಬೇಕು. ಔಷಧಿಯ ಸೀಸೆಯನ್ನು ಎತ್ತಿಟ್ಟಿದ್ದೇನೆ. ಡಾನಾ ತಪ್ಪೊಪ್ಪಿಕೊಳ್ಳಲೇಬೇಕು, ಆದರೆ ಆ ಜಗಳ ನಾಳೆಗಿರಲಿ.

ಮನೆಯಲ್ಲಿದ್ದ ಹಳೆ ಬಟ್ಟೆಯೆಲ್ಲ ಒದ್ದೆಯಾಗಿದೆ. ಈಗ ಆ ಕರಪತ್ರಗಳನ್ನೇ ಒಂದೊಂದಾಗಿ ಅವನ ಬಾಯಿಯ ಕೆಳಗೆ ಹಾಸುತ್ತಿದ್ದೇನೆ. ಕಟ್ಟು ಮುಗಿಯುತ್ತಾ ಬಂದಿದೆ.

ನಿಮ್ಮ ದಾರಿ ಕಾಯುತ್ತಿರುವ,
ಮಾರ್ಗೊ